ಯಾವ ಪಾಪಕ್ಕೆ ಈ ಶಿಕ್ಷೆ?

ಪಿ.ಯು.ಸಿ. ಓದುವ ಮಗಳ ಬ್ಯಾಗಿನಲ್ಲಿ ಜಪಾನಿನ ಭಯಾನಕ ಚಿತ್ರಕಥೆ ಸಿಕ್ಕರೆ ಸಾಕು, ನಮ್ಮ ತಾಯಂದಿರು ಹಾವು ಕಂಡವರಂತೆ ಬೆಚ್ಚುತ್ತಾರೆ. "ನಮ್ಮಲ್ಲಿ ಕಥೆಗಳಿಗೆ ಬರವೇ, ಮಿಸ್?" ಎಂದು ನನ್ನನ್ನೇ ಕೇಳುತ್ತಾರೆ.

ಬರವಿಲ್ಲ. ನಾನೂ ಚಂದಮಾಮದ ಬೇತಾಳನ ಕಥೆ ಓದಿ ಬೆಳೆದವಳೇ. ಆದರೆ ಬೇತಾಳನ ಪ್ರಶ್ನೆಗೆ ವಿಕ್ರಮನ ಬಳಿ ಉತ್ತರವಿರುತ್ತದೆ. ತಪ್ಪು ಯಾರದು, ಒಪ್ಪು ಯಾರದು ಎಂದು ಲೆಕ್ಕ ಚುಕ್ತಾ ಆಗುತ್ತದೆ. ಜುಂಜಿ ಇಟೊ 1998-99ರಲ್ಲಿ ರಚಿಸಿದ 'ಉಝುಮಕಿ'ಯಲ್ಲಿ ಆ ಲೆಕ್ಕವೇ ಇಲ್ಲ.

ಉಝುಮಕಿ ಎಂದರೆ ಸುರುಳಿ. ನಮ್ಮ ಕಾಮಾಕ್ಷಿಪಾಳ್ಯದ ಲೇತ್ ಅಂಗಡಿಗಳ ಮುಂದೆ ಬಿದ್ದಿರುವ ಕಬ್ಬಿಣದ ಸುರುಳಿಯಂಥ ಮಾಮೂಲಿ ಆಕಾರ. ಕಡಲ ದಡದ ಒಂದು ಊರಿಗೆ ಅದೇ ಶಾಪವಾಗಿ ಅಂಟಿಕೊಳ್ಳುತ್ತದೆ. ಕೂದಲಿನಲ್ಲಿ, ಬೆರಳಿನ ರೇಖೆಯಲ್ಲಿ, ಕೊನೆಗೆ ಚಿತೆಯ ಹೊಗೆಯಲ್ಲೂ ಸುರುಳಿ. ಗಂಡನ ಚಿತೆಯ ಹೊಗೆ ಆಕಾಶದಲ್ಲಿ ಸುತ್ತುವುದನ್ನು ಕಂಡ ಹೆಂಡತಿಗೆ ಬುದ್ಧಿಭ್ರಮಣೆಯಾಗುತ್ತದೆ. ಯಾವ ಪಾಪಕ್ಕೆ ಈ ಶಿಕ್ಷೆ ಎಂದು ಕಥೆ ಹೇಳುವುದೇ ಇಲ್ಲ. ಬ್ರಹ್ಮಾಂಡಕ್ಕೆ ನಮ್ಮ ಮೇಲೆ ಕೋಪವೂ ಇಲ್ಲ, ಕರುಣೆಯೂ ಇಲ್ಲ ಎಂಬುದೇ ಇಲ್ಲಿನ ಭಯ.

"ಇದರಲ್ಲಿ ನೀತಿ ಎಲ್ಲಿದೆ?" ಎನ್ನುತ್ತೀರಿ. 2021ರ ಏಪ್ರಿಲ್-ಮೇ ತಿಂಗಳುಗಳನ್ನು ನೆನೆಯಿರಿ. ಇಲ್ಲೇ ಪಕ್ಕದ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದವು. ಆ ಸಾಲಿನಲ್ಲಿ ಪುಣ್ಯವಂತರು ಇರಲಿಲ್ಲವೇ? ನಮ್ಮ ಮಕ್ಕಳು ಅದನ್ನು ಕಂಡಿದ್ದಾರೆ. ನಾವು ಅವರಿಗೆ ಹೇಳಿದ ನೀತಿಯೇನು? ತಂದೆಯನ್ನು ಕಳೆದುಕೊಂಡ ಹುಡುಗಿಯ ಕಿವಿಗೆ ಬೀಳುವಂತೆ "ಯಾವ ಜನ್ಮದ ಕರ್ಮವೋ" ಎಂದೆವು. ಅವಳ ತಾಯಿಯ ಬೆನ್ನ ಹಿಂದೆ "ಕಾಲ್ಗುಣ" ಎಂದೆವು. ಇದಕ್ಕಿಂತ ಕ್ರೂರವಾದ ಪುಟವನ್ನು ಆ ಜಪಾನಿನವನೂ ಬರೆದಿಲ್ಲ.

ಕಾರಣವಿಲ್ಲದ ಭಯ ನಮಗೇನು ಹೊಸದೇ? ತೊಂಬತ್ತರ ದಶಕದಲ್ಲಿ, ಪರಿಚಿತರ ದನಿಯಲ್ಲಿ ಕರೆಯುವ ದೆವ್ವಕ್ಕೆ ಹೆದರಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದವರು ನಾವೇ ಅಲ್ಲವೇ? ಪುಣ್ಯ ಮಾಡಿದ ಮನೆಯನ್ನು ಅದು ಬಿಟ್ಟು ಹೋಗುತ್ತದೆಂದು ಆಗ ಯಾರೂ ಹೇಳಲಿಲ್ಲ. ಡಿಗ್ರಿ ಪಡೆದವರ ಬಾಗಿಲಲ್ಲೂ ಆ ಅಕ್ಷರಗಳಿದ್ದವು.

ಎಳೆಯ ಮಕ್ಕಳ ಕೈಗೆ ಕೊಡಿ ಎಂದು ನಾನು ಹೇಳುತ್ತಿಲ್ಲ. ಉಝುಮಕಿ ಮೊದಲು ಬಂದದ್ದು ದೊಡ್ಡವರ ವಾರಪತ್ರಿಕೆಯಲ್ಲೇ. ಆದರೆ ಪ್ರಾಯಕ್ಕೆ ಬಂದ ಹುಡುಗಿಗೆ, ಕಷ್ಟ ಬಂದವರೆಲ್ಲ ತಪ್ಪಿತಸ್ಥರಲ್ಲ ಎಂದು ಯಾರಾದರೂ ಹೇಳಲೇಬೇಕು. ನಾವು ಹೇಳಲಿಲ್ಲ, ಆ ಪುಸ್ತಕ ಹೇಳುತ್ತಿದೆ. ಮಗಳ ಕೈಯಿಂದ ಅದನ್ನು ಕಿತ್ತುಕೊಳ್ಳುವ ಮೊದಲು, ತಾಯಂದಿರೇ, ನಮ್ಮ ನಾಲಿಗೆಯ ಮೇಲಿರುವ ಆ 'ಕಾಲ್ಗುಣ'ವನ್ನು ಕಿತ್ತು ಬಿಸಾಡೋಣ.