ಮೊಬೈಲು ಮರುನುಡಿಯದು

ಊಟ ಬೇಡವೆಂದು ಹಟ ಹಿಡಿದ ಕಂದನ ಕೈಗೆ ಮೊಬೈಲನ್ನಿತ್ತು ನೆಮ್ಮದಿಪಡುವ ತಂದೆತಾಯಿಯರೇ, ಆ ಮೌನದ ಬೆಲೆ ತೆರುವವರು ಯಾರು? ಮೊಬೈಲು ಮಾತನಾಡುತ್ತದೆ, ನಿಜ. ಆದರೆ ಮಗುವಿನ ತೊದಲಿಗೆ ಕಿವಿಗೊಟ್ಟು ಮರುನುಡಿಯುವುದಿಲ್ಲ. ಓಗೊಡುವವರಿಲ್ಲದೆ ನುಡಿ ಕುದುರದು. ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದೇ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

"ನಮ್ಮ ವಂಶದಲ್ಲಿ ಮಾತು ತಡ" ಎಂಬ ಸಮಾಧಾನವೂ ಸಲ್ಲದು. ಕಿವಿ ಕೇಳದಿದ್ದರೂ ಮಾತು ಬಾರದು. ಎರಡು ವರ್ಷವಾದರೂ 'ಅಮ್ಮ ಬಾ' ಎಂದು ಎರಡು ಪದ ಜೋಡಿಸದ ಮಗುವಿನ ಶ್ರವಣಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇಂತಹ ಸೇವೆಯಲ್ಲಿದೆ.

ಇಂದು ರಾತ್ರಿಯೇ ಮೊಬೈಲನ್ನು ಬದಿಗಿರಿಸಿ, ಮನೆಮಾತಿನಲ್ಲಿ ತುತ್ತಿಗೊಂದು ನುಡಿ ಕೊಡಿ: 'ಇದು ಅನ್ನ, ಇದು ಸಾರು, ಬಿಸಿ ಇದೆ.' ಮಗು ತೊದಲುವವರೆಗೆ ಕಾಯಿರಿ, ತೊದಲಿದೊಡನೆ ಉತ್ತರಿಸಿರಿ.