ಹತ್ತು ತಿಂಗಳ ಅಡ್ವಾನ್ಸು, ಮೂರೂವರೆ ಸಾವಿರದ ಕಾಯ್ದೆ

ಬೆಂಗಳೂರಿನಲ್ಲಿ ತಿಂಗಳಿಗೆ ₹3,500ಕ್ಕಿಂತ ಹೆಚ್ಚು ಬಾಡಿಗೆಯ ಮನೆಗೆ ಕರ್ನಾಟಕ ಬಾಡಿಗೆ ಕಾಯ್ದೆ– 1999 ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಇವತ್ತು ಪಿ.ಜಿಯಲ್ಲಿ ಒಂದು ಮಂಚ ಸಿಕ್ಕರೂ ಪುಣ್ಯ. ಅಂದರೆ, 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಈ ಕಾನೂನು ನಗರದ ಬಹುಪಾಲು ಬಾಡಿಗೆದಾರರ ಪಾಲಿಗೆ ಇದ್ದೂ ಇಲ್ಲದಂತೆ. ಅವರ ತಕರಾರುಗಳೆಲ್ಲ ಸಾಗಬೇಕಾದದ್ದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಹಾದಿಯಲ್ಲಿ.

ವಸತಿ ಕೊರತೆ ಎಂದಾಕ್ಷಣ ಸರ್ಕಾರಗಳಿಗೆ ನೆನಪಾಗುವುದು ಹೊಸ ಬಡಾವಣೆ, ಬಹುಮಹಡಿ ಫ್ಲ್ಯಾಟು, ಹಕ್ಕುಪತ್ರ ವಿತರಣೆಯ ಸಮಾರಂಭ. ಕಟ್ಟಿ ನಿಂತ ಮನೆಗಳ ವಿಚಾರ ಯಾರಿಗೂ ಬೇಡ. 2011ರ ಜನಗಣತಿಯ ಹೊತ್ತಿಗೆ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದವು. ಮರುವರ್ಷ ಕೇಂದ್ರದ ತಾಂತ್ರಿಕ ಸಮಿತಿಯು ನಗರ ವಸತಿ ಕೊರತೆಯನ್ನು 1.88 ಕೋಟಿ ಎಂದು ಅಂದಾಜಿಸಿತು. ಆ ಕೊರತೆಯಲ್ಲಿ ಶೇ 95ಕ್ಕೂ ಹೆಚ್ಚು ಪಾಲು ಬಡವರದು ಮತ್ತು ಕಡಿಮೆ ವರಮಾನದವರದು. ₹45 ಲಕ್ಷದ ಫ್ಲ್ಯಾಟಿಗೆ ‘ಕೈಗೆಟಕುವ ಮನೆ’ ಎಂದು ಹೆಸರಿಟ್ಟು ಜಿಎಸ್‌ಟಿ ಇಳಿಸಿದರೆ ಇವರಿಗೇನು ಬಂತು?

ಬಾಡಿಗೆ ಹಿಡಿಯಲು ಹೊರಟವರ ಲೆಕ್ಕ ನೋಡಿ. ₹15 ಸಾವಿರದ ಮನೆಗೆ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸು ₹1.5 ಲಕ್ಷ. ಬ್ರೋಕರಿಗೆ ಒಂದು ತಿಂಗಳದ್ದು, ಮೊದಲ ತಿಂಗಳ ಬಾಡಿಗೆ ಇನ್ನೊಂದು. ಹಾಲು ಉಕ್ಕಿಸುವ ಮುಂಚೆಯೇ ₹1.8 ಲಕ್ಷ ಕೈಬಿಟ್ಟಿತು. ಖಾಲಿ ಮಾಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದೂ ಅಲಿಖಿತ ನಿಯಮ. ಗೋಡೆಗೆ ನಿಜಕ್ಕೂ ಬಣ್ಣ ಬಿತ್ತೇ ಎಂದು ನೋಡಲು ಹೋಗುವವರಾರು? ಕೆಲಸ ಹುಡುಕಿಕೊಂಡು ಬಂದ ಕುಟುಂಬಕ್ಕೆ ತಿಂಗಳ ಬಾಡಿಗೆಗಿಂತ ದೊಡ್ಡ ತಡೆ ಈ ಇಡಿಗಂಟು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಯ ಅಡ್ವಾನ್ಸನ್ನು ಎರಡು ತಿಂಗಳ ಬಾಡಿಗೆಗೆ ಸೀಮಿತಗೊಳಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ₹1.5 ಲಕ್ಷ ₹30 ಸಾವಿರಕ್ಕೆ ಇಳಿಯುತ್ತದೆ. ಉತ್ತರ ಪ್ರದೇಶ ಇದೇ ಜಾಡಿನ ಕಾನೂನು ಮಾಡಿಕೊಂಡಿತು.

ಆದರೆ ಈ ಒಂದು ಕಲಮನ್ನಷ್ಟೇ ಕಿತ್ತು ತಂದರೆ ಕೆಡುಕೇ ಹೆಚ್ಚು. ಬೆಂಗಳೂರಿನ ಬಾಡಿಗೆ ಮನೆಗಳನ್ನು ಹೆಚ್ಚಾಗಿ ಕಟ್ಟಿದವರು ದೊಡ್ಡ ಬಿಲ್ಡರುಗಳಲ್ಲ. 30x40 ಸೈಟಿನಲ್ಲಿ ಕೆಳಗೆ ತಾವಿದ್ದು, ಸಾಲ ಮಾಡಿ ಮೇಲೆ ಎರಡು ಮಹಡಿ ಎಬ್ಬಿಸಿದವರು. ನಿವೃತ್ತ ನೌಕರರಿಗೆ ಆ ಬಾಡಿಗೆಯೇ ಪಿಂಚಣಿ. ಬಾಡಿಗೆದಾರ ಕೊಡದೆ ಕೂತರೆ ಕೋರ್ಟಿಗೆ ವರ್ಷಗಟ್ಟಲೆ ಅಲೆಯಬೇಕು. ಹಾಗಾಗಿ ಅಡ್ವಾನ್ಸೇ ಅವರ ಪಾಲಿನ ನ್ಯಾಯಾಲಯ. ಅದನ್ನು ಕಿತ್ತುಕೊಂಡು ಬದಲಿಗೆ ಏನನ್ನೂ ಕೊಡದಿದ್ದರೆ ಉಳಿದ ಎಂಟು ತಿಂಗಳದ್ದು ರಸೀದಿಯಿಲ್ಲದ ನಗದಾಗುತ್ತದೆ, ಇಲ್ಲವೇ ಮನೆಗೆ ಬೀಗ ಬೀಳುತ್ತದೆ. ಮಾದರಿ ಕಾಯ್ದೆಯಲ್ಲಿ ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ, ನ್ಯಾಯಮಂಡಳಿ ಎಂಬ ಮೂರು ಹಂತಗಳಿವೆ. ಅವಧಿ ಮುಗಿದರೂ ಜಾಗ ಬಿಡದವರು ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ತೆರಬೇಕು. ಮಾಲೀಕರನ್ನು ಒಲಿಸುವುದು ಈ ಭಾಗ. ರಾಜ್ಯ ಇದನ್ನು ಕಾಗದದ ಮೇಲಷ್ಟೇ ತಂದು, ಇರುವ ಅಧಿಕಾರಿಗಳ ಹೆಗಲಿಗೇ ಹೆಚ್ಚುವರಿಯಾಗಿ ಹೊರಿಸಿದರೆ ಪ್ರಯೋಜನವಿಲ್ಲ.

ಹೊಸ ಮಹಡಿಗಳ ಕಥೆಯೂ ಇದೆ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬೆಸ್ಕಾಂ ಸಂಪರ್ಕ ಸಿಗದೆ ಕಟ್ಟಿ ಮುಗಿದ ಮನೆಗಳೂ ಕತ್ತಲಲ್ಲಿ ಉಳಿದವು. 1,200 ಚದರ ಅಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ 2025ರಲ್ಲಿ ವಿನಾಯಿತಿ ಕೊಟ್ಟಿತು. ಅದು ಸರಿಯಾದ ನಡೆ ಎಂದೇ ನನ್ನ ಅನಿಸಿಕೆ. ಆದರೆ ಗಾಳಿ ಬೆಳಕಿಲ್ಲದ ಒಂಟಿ ಕೋಣೆಗಳಿಗೆ ಅದು ರಹದಾರಿ ಆಗದಂತೆ ತಪಾಸಣೆ ಬೇಕು.

ಹಳೆಯ ಅಡ್ವಾನ್ಸುಗಳ ಗತಿಯೇನು? ಆ ದುಡ್ಡು ಎಂದೋ ಸಿಮೆಂಟು, ಮಗಳ ಮದುವೆ ಆಗಿಹೋಗಿದೆ. ಎಂಟು ತಿಂಗಳದ್ದನ್ನು ಒಂದೇ ದಿನ ವಾಪಸ್ ಮಾಡಿ ಎಂದರೆ ಮಾಲೀಕರು ಮೊದಲು ಮಾಡುವ ಕೆಲಸ ಬಾಡಿಗೆದಾರರನ್ನು ಹೊರಹಾಕುವುದು. ಹೊಸ ಮಿತಿ ಹೊಸ ಕರಾರುಗಳಿಗೆ ಮಾತ್ರ ಅನ್ವಯಿಸಲಿ. ಹಳೆಯದು ಮನೆ ಬಿಡುವಾಗ ಚುಕ್ತಾ ಆಗಲಿ. ಬಣ್ಣದ ಖರ್ಚಿಗೆ ಮಾತ್ರ ಇಂದಿನಿಂದಲೇ ಬಿಲ್ಲು ಕೇಳಬಹುದು.