ನೆಲದಡಿಯ ನಾಣ್ಯ: ಒಪ್ಪಿಸಿದವನಿಗೆ ಸಿಗುವುದೇನು?

ಯಶವಂತಪುರವೆಂದರೆ ಇಂದು ನಮ್ಮ ಕಣ್ಣ ಮುಂದೆ ಬರುವುದು ಈರುಳ್ಳಿ ಮೂಟೆಗಳ ಮಾರುಕಟ್ಟೆ, ರೈಲು ನಿಲ್ದಾಣ, ಮೆಟ್ರೊ ಕಂಬಗಳು. 1891ರಲ್ಲಿ ಅದು ಬೆಂಗಳೂರಿನ ಹೊರಗಿನ ಒಂದು ಹಳ್ಳಿ. ಆ ವರ್ಷ ಅಲ್ಲಿ ರೈಲು ಮಾರ್ಗದ ಕೆಲಸಕ್ಕಾಗಿ ನೆಲ ಅಗೆಯುತ್ತಿದ್ದಾಗ ಮಣ್ಣಿನ ಗಡಿಗೆಯೊಂದು ಸಿಕ್ಕಿತು. ಅದರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳಿದ್ದವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮೊದಲಾದವರ ಕಾಲದ ದಿನಾರಿಯಸ್‌ಗಳು ಅವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ ಇಂಥವೇ 256 ನಾಣ್ಯಗಳು ದೊರೆತವು. ಬೆಂಗಳೂರಿನ ಪ್ರಾಚೀನತೆಯ ಮಾತು ಬಂದಾಗಲೆಲ್ಲ ಈ ಎರಡು ಗಡಿಗೆಗಳನ್ನು ನಾವು ಹೆಮ್ಮೆಯಿಂದ ಉಲ್ಲೇಖಿಸುತ್ತೇವೆ. ಮೂರನೆಯದು ನಾಳೆ ಯಲಹಂಕದಲ್ಲೋ ಹೆಬ್ಬಾಳದಲ್ಲೋ ಸಿಕ್ಕಿದರೆ ಅದರ ಗತಿಯೇನು ಎಂದು ಮಾತ್ರ ಯೋಚಿಸುವುದಿಲ್ಲ.

ಈ ನಾಣ್ಯಗಳನ್ನು ಕಂಡು ರೋಮನ್ನರೇ ಯಶವಂತಪುರಕ್ಕೆ ಬಂದಿದ್ದರು ಎಂದು ಊಹಿಸಬೇಕಾಗಿಲ್ಲ. ಮೆಣಸು, ಮುತ್ತು, ಹತ್ತಿ ಬಟ್ಟೆಗಳಿಗೆ ಬೆಲೆಯಾಗಿ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿದ ಬೆಳ್ಳಿ ವರ್ತಕರ ಕೈಯಿಂದ ಕೈಗೆ ಸಾಗಿ ಒಳನಾಡಿಗೆ ಬಂದಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ಸಿಕ್ಕಿವೆ. ಭಾರತವು ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್‌ಗಳಷ್ಟು ಹಣವನ್ನು ಸಾಮ್ರಾಜ್ಯದಿಂದ ಹೀರುತ್ತಿದೆಯೆಂದು ಪ್ಲಿನಿ ಗೊಣಗಿದ್ದು ಪ್ರಸಿದ್ಧವೇ ಆಗಿದೆ. ವಿದೇಶಿ ವಿನಿಮಯದ ಕೊರತೆಯ ಬಗ್ಗೆ ಗೊಣಗುವವರು ಎಲ್ಲ ಕಾಲದಲ್ಲೂ ಇದ್ದರೆಂದಾಯಿತು! ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿ ನಾಣ್ಯದ ತೂಕವನ್ನೂ ಶುದ್ಧತೆಯನ್ನೂ ಇಳಿಸಿದ. ಒಂದು ರೋಮನ್ ಪೌಂಡ್ ಬೆಳ್ಳಿಯಲ್ಲಿ 84 ನಾಣ್ಯಗಳ ಬದಲು 96 ನಾಣ್ಯಗಳನ್ನು ಟಂಕಿಸಲಾಯಿತು. ದಕ್ಷಿಣ ಭಾರತದ ಗಡಿಗೆಗಳಲ್ಲಿ ಅದಕ್ಕೆ ಹಿಂದಿನ ಬೆಳ್ಳಿ ನಾಣ್ಯಗಳೇ ಹೆಚ್ಚಾಗಿ ಸಿಗುತ್ತವೆ. ನಮ್ಮ ವರ್ತಕರು ಚಕ್ರವರ್ತಿಯ ಮುಖ ನೋಡಿ ಮರುಳಾಗುವವರಾಗಿರಲಿಲ್ಲ. ಲೋಹ ನೋಡಿ ಎಣಿಸುತ್ತಿದ್ದರು.

ಇಂಥ ತೀರ್ಮಾನಗಳೆಲ್ಲ ನಿಂತಿರುವುದು ಗಡಿಗೆ ಇಡಿಯಾಗಿ ಕೈಸೇರಿತೇ ಎಂಬ ಒಂದೇ ಪ್ರಶ್ನೆಯ ಮೇಲೆ. ನಾಣ್ಯರಾಶಿಯ ಕಾಲವನ್ನು ನಿರ್ಧರಿಸುವುದು ಅದರಲ್ಲಿರುವ ತೀರ ಇತ್ತೀಚಿನ ನಾಣ್ಯ. ಯಶವಂತಪುರದ ಗಡಿಗೆಯಲ್ಲಿದ್ದ ಕ್ಲಾಡಿಯಸ್‌ನ ನಾಣ್ಯಗಳನ್ನು ಅಂದು ಯಾರಾದರೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಅಕ್ಕಸಾಲಿಗನ ಮೂಸೆಗೆ ಹಾಕಿಸಿದ್ದರೆ, ಆ ಹಣವನ್ನು ಹೂತ ಕಾಲವನ್ನು ನಾವು ಹಲವು ವರ್ಷಗಳಷ್ಟು ಹಿಂದಕ್ಕೆ ತಳ್ಳುತ್ತಿದ್ದೆವು. ನಾಣ್ಯಗಳು ಚದುರಿದರೆ ಬೆಳ್ಳಿಯಷ್ಟೇ ಅಲ್ಲ, ಸಾಕ್ಷ್ಯವೂ ಚದುರುತ್ತದೆ.

1891ರ ಕೂಲಿಕಾರನ ಕೈಯಲ್ಲಿದ್ದುದು ಗುದ್ದಲಿ. ಗುದ್ದಲಿ ಗಡಿಗೆಗೆ ತಾಗಿದರೆ ಶಬ್ದ ಕೇಳಿಸುತ್ತದೆ, ಕೈ ನಿಲ್ಲುತ್ತದೆ. ಜೆಸಿಬಿಯ ಬಕೆಟ್‌ಗೆ ಅಂಥ ಕಿವಿಯಿಲ್ಲ. ಅದು ಗಡಿಗೆಯನ್ನು ಮಣ್ಣಿನೊಂದಿಗೇ ಎತ್ತಿ ಟಿಪ್ಪರ್ ಲಾರಿಗೆ ಸುರಿಯುತ್ತದೆ. ರಾತ್ರಿ ಹೊತ್ತಿನಲ್ಲಿ ಆ ಮಣ್ಣು ಹತ್ತಾರು ಕಿಲೋಮೀಟರ್ ದೂರದ ಯಾವುದೋ ಕೆರೆಯಂಗಳವನ್ನೋ ಹೊಸ ಬಡಾವಣೆಯ ತಗ್ಗನ್ನೋ ತುಂಬುತ್ತದೆ. ಇಂಗ್ಲೆಂಡಿನ ಹೊಲಗಳಲ್ಲಿ ನೇಗಿಲು ಚದುರಿಸಿದ ನಾಣ್ಯಗಳು ಅದೇ ಹೊಲದಲ್ಲಿ ಸಿಗುತ್ತವೆ. ನಮ್ಮಲ್ಲಿ ಯಲಹಂಕದ ನಾಣ್ಯ ಬೇರೊಂದು ಹೋಬಳಿಯಲ್ಲಿ ಸಿಕ್ಕಿ ಸುಳ್ಳು ಇತಿಹಾಸವನ್ನೇ ಹೇಳಬಹುದು. ಉತ್ತರ ಬೆಂಗಳೂರಿನಲ್ಲಿ ಮೆಟ್ರೊ ಕಾಮಗಾರಿ, ನೆಲಮಾಳಿಗೆಗಳು, ಒಳಚರಂಡಿಗಳಿಗಾಗಿ ಅಗೆಯುತ್ತಿರುವ ಮಣ್ಣನ್ನು ನೋಡಿದರೆ ಇದು ಕಲ್ಪನೆಯ ಭಯವಲ್ಲ.

ಇದೇ ನೆಲ ನಮಗೆ ಒಳ್ಳೆಯ ನಿದರ್ಶನವನ್ನೂ ಕೊಟ್ಟಿದೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕಿದ ಕಲ್ಲು ಸುಮಾರು ಕ್ರಿ.ಶ. 750ರ, ಗಂಗ ದೊರೆ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಎಂದು ಗೊತ್ತಾಯಿತು. ಬೆಂಗಳೂರಿನ ಅತ್ಯಂತ ಹಳೆಯ ಕನ್ನಡ ಶಾಸನವೆಂದು ಅದನ್ನು ಗುರುತಿಸಲಾಗಿದೆ. ಶಾಸನಾಸಕ್ತ ನಾಗರಿಕರು ಸಕಾಲಕ್ಕೆ ಧಾವಿಸಿದ್ದರಿಂದ, ಊರಿನವರು ಕೈಜೋಡಿಸಿದ್ದರಿಂದ ಅದು ಉಳಿಯಿತು. ಆದರೆ ಶಾಸನಕ್ಕೆ ಸಂತೆಯಲ್ಲಿ ಬೆಲೆಯಿಲ್ಲ, ಬೆಳ್ಳಿಗೆ ಇದೆ. ಶಾಸನವನ್ನು ಉಳಿಸಿದ ಸದ್ಭಾವನೆಯೊಂದನ್ನೇ ನಂಬಿ ಬೆಳ್ಳಿಯನ್ನು ಉಳಿಸಲಾಗದು.

ಇಲ್ಲಿ ಕಾನೂನಿನ ಪ್ರಶ್ನೆ ಬರುತ್ತದೆ. 1878ರ ಭಾರತೀಯ ನಿಧಿ ಕಾಯಿದೆಯ ಪ್ರಕಾರ ನಿಧಿ ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಬೇಕು; ಮುಚ್ಚಿಟ್ಟರೆ ಶಿಕ್ಷೆ. ಸರ್ಕಾರ ಅದನ್ನು ತಾನೇ ಪಡೆಯಬಯಸಿದರೆ ಲೋಹದ ಬೆಲೆ ಮತ್ತು ಅದರ ಐದನೇ ಒಂದು ಭಾಗವನ್ನು ಕೊಡಬೇಕು. ಕರ್ನಾಟಕ 1962ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತಾದರೂ ಅದೂ ಇದೇ ಚಿಂತನೆಯ ಕೂಸು. ಲೆಕ್ಕ ಹಾಕಿ ನೋಡಿ. ಒಂದು ದಿನಾರಿಯಸ್ ನಾಲ್ಕು ಗ್ರಾಂಗೂ ತುಸು ಕಡಿಮೆ. ಯಶವಂತಪುರದ ಇಡೀ ಗಡಿಗೆ ತೂಗಿದರೆ ಸುಮಾರು ಆರುನೂರು ಗ್ರಾಂ ಬೆಳ್ಳಿ. ಅನುಕೂಲಸ್ಥರ ಮನೆಯ ಒಂದು ಜೊತೆ ದೀಪಸ್ತಂಭದ ತೂಕ. ಎರಡು ಸಾವಿರ ವರ್ಷಗಳ ಸಾಕ್ಷ್ಯಕ್ಕೆ ಕಾಯಿದೆ ಕಟ್ಟುವ ಬೆಲೆ ಇಷ್ಟು. ಕಳ್ಳ ವ್ಯಾಪಾರಿ ಇದಕ್ಕಿಂತ ಹೆಚ್ಚು ಕೊಡುತ್ತಾನೆ, ಹೆಸರು ಕೇಳುವುದಿಲ್ಲ, ಮಹಜರು ಬರೆಯುವುದಿಲ್ಲ.

ಕಂದಾಯ ಆಡಳಿತದಲ್ಲಿದ್ದ ದಿನಗಳಲ್ಲಿ ಒಂದು ತಾಲ್ಲೂಕು ಖಜಾನೆಯ ತಪಾಸಣೆಗೆ ಹೋಗಿದ್ದೆ. ಮೊಹರು ಮಾಡಿದ ಸಣ್ಣ ಬಟ್ಟೆ ಚೀಲವೊಂದನ್ನು ತೋರಿಸಿದರು. ಬಾವಿ ತೋಡುವಾಗ ರೈತನೊಬ್ಬನಿಗೆ ಸಿಕ್ಕ ಹಳೆಯ ನಾಣ್ಯಗಳು. ಪ್ರತಿವರ್ಷ ಚೀಲ ಎಣಿಸಿ ರುಜು ಹಾಕುತ್ತಿದ್ದರೇ ವಿನಾ ಹನ್ನೊಂದು ವರ್ಷಗಳಿಂದ ಅದನ್ನು ಬಿಚ್ಚಿ ನೋಡಿದವರಿಲ್ಲ. ಆ ರೈತನನ್ನು ವಿಚಾರಿಸಿದೆ. ‘ಸ್ವಾಮಿ, ನಾಲ್ಕು ಸಲ ಹೇಳಿಕೆ ಕೊಟ್ಟೆ. ಉಳಿದದ್ದನ್ನು ಎಲ್ಲಿಟ್ಟಿದ್ದೀಯ ಅಂತ ಪ್ರತಿಸಲವೂ ಕೇಳಿದರು’ ಎಂದ. ಪ್ರಾಮಾಣಿಕನಾಗಿದ್ದಕ್ಕೆ ಅವನಿಗೆ ಸಂದದ್ದು ಅನುಮಾನ. ಕಡತವನ್ನು ನಾನೂ ಮೇಲಕ್ಕೆ ಕಳುಹಿಸಿದೆ. ಅಷ್ಟರಲ್ಲಿ ನನಗೆ ವರ್ಗವಾಯಿತು, ಮುಂದೇನಾಯಿತೆಂದು ವಿಚಾರಿಸಲಿಲ್ಲ. ಅದು ನನ್ನ ಲೋಪವೂ ಹೌದು.

ಬ್ರಿಟನ್ನಿನಲ್ಲಿ ಲೋಹಶೋಧಕ ಹಿಡಿದು ಹೊಲ ಸುತ್ತುವುದು ಹಲವರ ಹವ್ಯಾಸ. 1996ರ ಕಾಯಿದೆಯ ಪ್ರಕಾರ ವಸ್ತುಸಂಗ್ರಹಾಲಯವು ನಿಧಿಯನ್ನು ಪಡೆಯಬಯಸಿದರೆ ತಜ್ಞರು ಮಾರುಕಟ್ಟೆ ಬೆಲೆ ನಿರ್ಧರಿಸುತ್ತಾರೆ. ಆ ಹಣ ಸಾಮಾನ್ಯವಾಗಿ ಹುಡುಕಿದವನಿಗೂ ಭೂಮಾಲೀಕನಿಗೂ ಹಂಚಿಕೆಯಾಗುತ್ತದೆ. 2010ರಲ್ಲಿ ಸೋಮರ್‌ಸೆಟ್‌ನ ಫ್ರೋಮ್ ಬಳಿ ಒಬ್ಬ ಹವ್ಯಾಸಿ, ಗಡಿಗೆಯ ಬಾಯಿ ಕಂಡ ಕೂಡಲೇ ಅಗೆಯುವುದನ್ನು ನಿಲ್ಲಿಸಿ ಪುರಾತತ್ವಜ್ಞರನ್ನು ಕರೆಸಿದ. ಅವರು ಪದರ ಪದರವಾಗಿ ತೆಗೆದರು: 52,503 ನಾಣ್ಯಗಳು. ಕೊನೆಯ ಕಾಲದ ನಾಣ್ಯಗಳಲ್ಲಿ ಹೆಚ್ಚಿನವು ಮೇಲೆ ಇರದೆ ಕೆಳಭಾಗದಲ್ಲಿದ್ದವು. ಅಂದರೆ ಅದು ವರ್ಷವರ್ಷ ಕೂಡಿಟ್ಟ ಉಳಿತಾಯವಲ್ಲ, ಒಂದೇ ಸಲಕ್ಕೆ ತುಂಬಿದ ಗಡಿಗೆ. ಆತ ಎಲ್ಲವನ್ನೂ ಚೀಲಕ್ಕೆ ಸುರಿದುಕೊಂಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಸಂಗ್ರಹಾಲಯ ಅದಕ್ಕೆ 3,20,250 ಪೌಂಡ್ ತೆತ್ತಿತು. ಅಲ್ಲಿಯೂ ಕಳ್ಳರಿದ್ದಾರೆ. 2015ರಲ್ಲಿ ಹೆರೆಫರ್ಡ್‌ಶೈರ್‌ನಲ್ಲಿ ಸಿಕ್ಕ ನಿಧಿಯನ್ನು ಬಚ್ಚಿಟ್ಟು ಮಾರಿದವರು 2019ರಲ್ಲಿ ಜೈಲು ಸೇರಿದರು. ಸುಮಾರು 300 ನಾಣ್ಯಗಳಲ್ಲಿ ಬಹುಪಾಲು ಚದುರಿಹೋದವು.

ಹಾಗೆಂದು ಲೋಹಶೋಧಕಗಳನ್ನು ಇಲ್ಲಿಯೂ ಮುಕ್ತವಾಗಿ ಬಿಡಬೇಕೆಂದು ನಾನು ಹೇಳುವುದಿಲ್ಲ. ನಿಧಿಯಾಸೆಗೆ ಗರ್ಭಗುಡಿಗಳನ್ನು ಅಗೆದು ನಂದಿಯ ವಿಗ್ರಹಗಳನ್ನು ಒಡೆಯುವವರಿರುವ ನಾಡಿನಲ್ಲಿ ಅದು ಬೆಂಕಿಗೆ ತುಪ್ಪ ಸುರಿದಂತೆ. ಆ ಯಂತ್ರ ಪುರಾತತ್ವ ಇಲಾಖೆಯ ಕೈಯಲ್ಲಿರಲಿ. ಸುದ್ದಿ ಬಂದ ದಿನವೇ ಅಗೆದ ಜಾಗವನ್ನೂ ಮಣ್ಣು ಸುರಿದ ಜಾಗವನ್ನೂ ಶೋಧಿಸಲು ಬಳಕೆಯಾಗಲಿ. ಇತರರಿಂದ ಬ್ರಿಟನ್ನಿನ ಯಂತ್ರವನ್ನಲ್ಲ, ಪ್ರತಿಫಲದ ತತ್ವವನ್ನು ಕಲಿಯಬೇಕು. ಪ್ರಾಚೀನ ವಸ್ತುವಿನ ಬೆಲೆಯನ್ನು ಲೋಹದ ತೂಕದಿಂದಲ್ಲ, ತಜ್ಞರ ಮೌಲ್ಯಮಾಪನದಿಂದ ನಿಗದಿಪಡಿಸಿ ಆರು ತಿಂಗಳೊಳಗೆ ಪಾವತಿಸುವಂತೆ ಕಾಯಿದೆಗೆ ತಿದ್ದುಪಡಿ ತರಬೇಕು. ಗಡಿಗೆಯನ್ನು ಮೊದಲು ನೋಡುವವನು ಜೆಸಿಬಿ ಚಾಲಕ ಅಥವಾ ರಾಯಚೂರಿನಿಂದಲೋ ಒಡಿಶಾದಿಂದಲೋ ಬಂದ ಕೂಲಿಯವನು. ಪ್ರತಿಫಲ ಗುತ್ತಿಗೆದಾರನ ಮೂಲಕವಲ್ಲ, ನೇರವಾಗಿ ಅವನ ಬ್ಯಾಂಕ್ ಖಾತೆಗೇ ಹೋಗಬೇಕು. ಕಾಮಗಾರಿ ತಿಂಗಳುಗಟ್ಟಲೆ ನಿಂತೀತೆಂಬ ಭಯದಿಂದ ನಿವೇಶನದ ಮಾಲೀಕ ಸುದ್ದಿ ಅಡಗಿಸುತ್ತಾನೆ. ಸಾಲದ ಬಡ್ಡಿ ದಿನವೂ ಬೆಳೆಯುವಾಗ ಅವನನ್ನು ದೂರಿ ಪ್ರಯೋಜನವಿಲ್ಲ. ಹತ್ತು ದಿನಗಳಲ್ಲಿ ಪರಿಶೀಲನೆ ಮುಗಿಸಿ ಜಾಗ ಬಿಟ್ಟುಕೊಡಬೇಕೆಂಬ ಕಾಲಮಿತಿ ಇಲಾಖೆಯ ಮೇಲಿರಲಿ. ಪ್ರತಿಯಾಗಿ, ನೆಲಮಾಳಿಗೆಯುಳ್ಳ ಕಟ್ಟಡಗಳ ನಕ್ಷೆ ಮಂಜೂರಾತಿ ಪತ್ರದಲ್ಲೇ ಮಾಹಿತಿ ನೀಡುವ ಷರತ್ತನ್ನೂ ಕರೆ ಮಾಡಬೇಕಾದ ದೂರವಾಣಿ ಸಂಖ್ಯೆಯನ್ನೂ ಸೇರಿಸಲಿ. ಇದಕ್ಕೆ ಹೊಸ ಪ್ರಾಧಿಕಾರ ಬೇಕಿಲ್ಲ. ಆ ಕರೆಯನ್ನು ಸ್ವೀಕರಿಸುವ ಒಬ್ಬ ನಾಣ್ಯತಜ್ಞ ಬೇಕು. ಅವನ ವರ್ಷದ ಸಂಬಳ ಒಂದು ಮೆಟ್ರೊ ಕಂಬದ ವೆಚ್ಚದ ಹತ್ತಿರಕ್ಕೂ ಬರಲಾರದು.